ಮುನ್ನೂರ ಹದಿನಾಲ್ಕರ ನಂತರ

ಬೆಳಿಗ್ಗೆ ಹನ್ನೊಂದೂಕಾಲರ ಹೊತ್ತಿಗೆ, ಚಿತ್ರದ ಐವತ್ತೆರಡನೆಯ ನಿಮಿಷದಲ್ಲಿ, ಮಾವ ಕರೆದ. ಮೂವತ್ತೊಂದು ವರ್ಷದ ಹಿಂದೆ ಕರೆದಿದ್ದ ಅದೇ ದನಿ, ಅದೇ ಎರಡು ಸಲ. "ಅಳಿಯಾ! ಲೋ ಅಳಿಯಾ!" ಪರದೆಯ ಮೇಲೆ ಹಸಿರು ಅಂಗಿಯ ತರುಣರು ಫುಟ್‌ಬಾಲ್ ಮೈದಾನದ ಗೇಟು ದಾಟಿ ಯಾರನ್ನೋ ಅಟ್ಟಿಸಿಕೊಂಡು ಓಡುತ್ತಿದ್ದರು, ಅವರ ಬೆನ್ನಿಗೆ ಗುಂಪಿನ ಗದ್ದಲ ಏರುತ್ತಿತ್ತು, ಆ ಗದ್ದಲದ ಸಂದಿಯಿಂದ, ಪಕ್ಕದ ಕೋಣೆಯಿಂದ ಊಟಕ್ಕೆ ಕರೆದಷ್ಟು ಸ್ಪಷ್ಟವಾಗಿ, ಆ ಕೂಗು ಬಂದು ಹೋಯಿತು. ಸ್ಟುಡಿಯೋದ ಹಿಂದಿನ ಸಾಲಲ್ಲಿ ಟೀ ಲೋಟವನ್ನು ತುಟಿಯ ಹತ್ತಿರ ತಂದವನು ಹಾಗೇ ನಿಂತ. ತನಗೊಬ್ಬನಿಗೇ ಕೇಳಿಸಿತೇನೋ ಎಂಬ ಆಸೆ ಒಂದು ಗಳಿಗೆ ಇತ್ತು. ಧ್ವನಿಯ ಕೆಲಸದವರಿಗೆ ಅಂಥದ್ದು ಆಗುವುದುಂಟು. ದಿನವಿಡೀ ಕಿಟಕಿಯಿಲ್ಲದ ಕೋಣೆಯಲ್ಲಿ ಕೂತು ಎದ್ದರೆ ನಲ್ಲಿಯ ನೀರೂ ಏನೋ ಮಾತಾಡಿದ ಹಾಗಿರುತ್ತದೆ. ಆದರೆ ಮುಂದಿನ ಸಾಲಿನಲ್ಲಿ ಕಾಲು ಮಡಚಿ ಕೂತಿದ್ದ ನಿರ್ದೇಶಕಿ ಕೈ ಎತ್ತಿದಳು. "ನಿಲ್ಸಿ, ನಿಲ್ಸಿ. ಹಿಂದಕ್ಕೆ ಹೋಗಿ. ಅದೇನದು?"

ಮಿಕ್ಸಿಂಗ್ ಮೇಜಿನ ಮುಂದಿದ್ದವನು ಹಿಂದಕ್ಕೆ ಹೋದ. ಮಾವ ಮತ್ತೆ ಕರೆದ. ಇನ್ನೊಮ್ಮೆ ಹಿಂದಕ್ಕೆ ಹೋದ. ಮೂರನೆಯ ಸಲ ಕರೆದಾಗ ಟೀ ಲೋಟ ಹಿಡಿದವನಿಗೆ ತನ್ನ ಕಾಲಿನ ಬೆರಳುಗಳು ಚಪ್ಪಲಿಯೊಳಗೆ ಮುದುಡಿಕೊಂಡದ್ದು ಗೊತ್ತಾಯಿತು. "ಗುಂಪಣ್ಣ," ಎಂದಳು ನಿರ್ದೇಶಕಿ ಹಿಂತಿರುಗಿ, ಕಣ್ಣರಳಿಸಿ, "ಇಷ್ಟು ದಿನ ಇದನ್ನ ಎಲ್ಲಿ ಬಚ್ಚಿಟ್ಟಿದ್ರಿ?"

ಗುಂಪಣ್ಣ ಅವನ ಹೆಸರಲ್ಲ. ಚಿತ್ರದಲ್ಲಿ ಜನ ಸೇರಿದ ದೃಶ್ಯವಿದ್ದರೆ, ಅದು ರೈಲು ನಿಲ್ದಾಣವಿರಲಿ, ಚುನಾವಣೆಯ ಸಭೆಯಿರಲಿ, ಹೊಡೆದಾಟವಿರಲಿ, ಅದಕ್ಕೆ ಬೇಕಾದ ಗದ್ದಲ ಅವನ ಹತ್ತಿರವೇ ಸಿಗುತ್ತದೆಂದು ಬಿದ್ದ ಹೆಸರು. ಮನೆಯ ಕಬ್ಬಿಣದ ಬೀರುವಿನಲ್ಲಿ ಇನ್ನೂರಕ್ಕೂ ಹೆಚ್ಚು ಟೇಪುಗಳಿದ್ದವು: ಅಳುವ ಗುಂಪು, ಚಪ್ಪಾಳೆಯ ಗುಂಪು, ಏನೂ ಆಗದೆ ಸುಮ್ಮನೆ ಕಾಯುವ ಗುಂಪು. ಒಬ್ಬನೇ ಇದ್ದುಕೊಂಡು ಗುಂಪು ಅನ್ನಿಸಿಕೊಂಡವನು ನಾನೊಬ್ಬನೇ ಎಂದು ಹೊಸಬರ ಮುಂದೆ ನಗೆಯಾಡುವುದಿತ್ತು. ಅದಕ್ಕೂ ಮುಂಚೆ, ಇಪ್ಪತ್ತರ ಪ್ರಾಯದಲ್ಲಿ, ಅವನಿಗೆ ಇನ್ನೊಂದು ಅಡ್ಡಹೆಸರಿತ್ತು. ಕೊಂಬು. ಮೈದಾನದ ಪೂರ್ವದ ಗ್ಯಾಲರಿಯಲ್ಲಿ ಹಸಿರು ಅಂಗಿಯವರ ನಡುವೆ ನಿಂತು ಮೊದಲ ಕೂಗು ಎತ್ತುವವನು ಅವನು. "ಯಾರನ್ನ?" ಎಂದು ಅವನು ಎತ್ತಿದರೆ ಸಾವಿರ ಜನ "ಆಚೆಯವ್ರನ್ನ!" ಎನ್ನುತ್ತಿದ್ದರು. "ಎಲ್ಲಿಗೆ?" ಎಂದರೆ "ಹೊಳೆಗೆ!" ಶಾಲೆಯಲ್ಲಿ ಹಾಜರಿ ಕೂಗಿದಾಗ ತನ್ನ ದನಿ ಮೇಷ್ಟರಿಗೆ ಕೇಳಿಸದೆ ಬೈಸಿಕೊಳ್ಳುತ್ತಿದ್ದವನಿಗೆ ಸಾವಿರ ಜನ ಉತ್ತರ ಕೊಡುತ್ತಿದ್ದರು. ಆಚೆಯವರೆಂದರೆ ಹೊಳೆಯಾಚೆಯಿಂದ ಕೆಲಸ ಹುಡುಕಿಕೊಂಡು ಬಂದು ನೆಲೆಸಿದ ಕಪ್ಪು ಮೈಯ ಜನ. ಯಾವ ತಂಡದಲ್ಲಾದರೂ ಅವರ ಆಟಗಾರನ ಕಾಲಿಗೆ ಚೆಂಡು ಸಿಕ್ಕಾಗಲೆಲ್ಲ ಗ್ಯಾಲರಿಯಿಂದ ಕೋತಿಯ ಸದ್ದು ಹೊರಡುತ್ತಿತ್ತು, ಅದನ್ನು ಹೊರಡಿಸುವುದರಲ್ಲೂ ಕೊಂಬಿನದೇ ಮೇಲುಗೈ. ಅವನ ಅಮ್ಮ ಹೊಳೆಯಾಚೆಯವಳು. ಅದು ಗ್ಯಾಲರಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವನಿಗೆ ಬಂದದ್ದು ಅಪ್ಪನ ಬಣ್ಣ, ಅಪ್ಪನ ಮೂಗು. ಶಾಲೆಗೆ ಅಮ್ಮ ಬರುತ್ತೇನೆಂದಾಗಲೆಲ್ಲ ಹೊಟ್ಟೆನೋವೆಂದು ಮಲಗಿಬಿಡುತ್ತಿದ್ದ, ಒಂದು ದಿನ ಅವಳೇ ಬರುವುದಿಲ್ಲ ಬಿಡು ಎಂದಳು. ಹೊಟ್ಟೆನೋವು ಅಲ್ಲಿಗೆ ವಾಸಿಯಾಯಿತು.

ತಪ್ಪು ಎಲ್ಲಾಯಿತೆಂದು ಅವನಿಗೆ ಆಗಲೇ ಗೊತ್ತಾಗಿತ್ತು. ಈ ಗದ್ದಲದ ಟೇಪಿನ ಡಬ್ಬಿಯ ಮೇಲೆ ಅವನದೇ ಅಕ್ಷರದಲ್ಲಿ "೩೧೪ರ ನಂತರ ಬೇಡ" ಎಂದು ಬರೆದಿತ್ತು. ಮುನ್ನೂರ ಹದಿನಾಲ್ಕು ಎಂದರೆ ನಿಮಿಷವೂ ಅಲ್ಲ, ಸೆಕೆಂಡೂ ಅಲ್ಲ, ಟೇಪ್ ರೆಕಾರ್ಡರಿನ ಪುಟ್ಟ ಕಿಂಡಿಯಲ್ಲಿ ತಿರುಗುವ ಅಂಕಿ. ಒಂದೊಂದು ಯಂತ್ರದಲ್ಲಿ ಅದು ಒಂದೊಂದು ವೇಗದಲ್ಲಿ ತಿರುಗುತ್ತದೆ; ಒಂದರ ಅಂಕಿಯನ್ನು ಇನ್ನೊಂದರಲ್ಲಿ ನಂಬಬಾರದೆಂದು ಅವನೇ ಎಷ್ಟು ಜನರಿಗೆ ಬೈದಿಲ್ಲ. ಹೋದ ವಾರ ತನ್ನ ಯಂತ್ರ ಕೆಟ್ಟಿದೆಯೆಂದು ಸ್ಟುಡಿಯೋದ ಹಳೆಯ ಯಂತ್ರದಲ್ಲಿ ಹಾಕಿ ಕಂಪ್ಯೂಟರಿಗೆ ಇಳಿಸಿದ್ದ. ಆ ಯಂತ್ರ ಮುನ್ನೂರ ಹದಿನಾಲ್ಕು ತೋರಿಸುವ ಹೊತ್ತಿಗೆ ಟೇಪು ಇನ್ನೂ ಹತ್ತೋ ಹನ್ನೆರಡೋ ಸೆಕೆಂಡು ಮುಂದಕ್ಕೆ ಓಡಿತ್ತು. ಬೇರೆ ಯಾರೇ ಆಗಿದ್ದರೂ ಒಮ್ಮೆ ಕೇಳಿ ನೋಡುತ್ತಿದ್ದರು. ಅವನು ಆ ಟೇಪನ್ನು ಕೇಳುವುದಿಲ್ಲ. ಪರದೆಯ ಮೇಲೆ ಸದ್ದಿನ ಗೆರೆಗಳನ್ನು ಕಣ್ಣಲ್ಲಿ ನೋಡಿ, ಧ್ವನಿಯ ಗುಂಡಿಯನ್ನು ಸೊನ್ನೆಗೆ ಇಳಿಸಿಟ್ಟುಕೊಂಡು, ಅಂಟಿಸುತ್ತಾನೆ. ಹತ್ತೊಂಬತ್ತು ಚಿತ್ರಗಳಿಗೆ ಹಾಗೇ ಅಂಟಿಸಿದ್ದ, ಮಾತು ತಿಳಿಯದಂತೆ ಮಸುಕು ಮಾಡಿ, ಬರೀ ಮೊರೆತವನ್ನು. ಯಾವ ಗಲಭೆಗೂ ಅದು ಒಪ್ಪುತ್ತಿತ್ತು.

ಈ ಚಿತ್ರಕ್ಕೆ ಮಾತ್ರ ಮಸುಕು ಮಾಡಿರಲಿಲ್ಲ. ನಿರ್ದೇಶಕಿ ಬಾಡಿಗೆಗೆ ಕರೆಸಿದ್ದ ನಲವತ್ತು ಮಂದಿ, ಮಕ್ಕಳು ಮಗ್ಗಿ ಒಪ್ಪಿಸಿದ ಹಾಗೆ, ಕೂಗಿ ಹೋಗಿದ್ದರು. "ನಿಜವಾದದ್ದು ಎಲ್ಲೂ ಸಿಗಲ್ವಾ ಗುಂಪಣ್ಣ? ಹೊಟ್ಟೆಯಿಂದ ಬಂದದ್ದು?" ಎಂದು ಅವಳು ಕೇಳಿದಾಗ ಸುಮ್ಮನಿರಬಹುದಿತ್ತು. ಕೆಲಸದ ಹೆಮ್ಮೆ ಸುಮ್ಮನಿರಲು ಬಿಡಲಿಲ್ಲ. ತನ್ನದೆನ್ನದೆ, ತೀರಿಕೊಂಡ ಯಾರದೋ ಸಂಗ್ರಹದಿಂದ ಬಂದದ್ದು ಒಂದಿದೆ, ತಂದುಕೊಡುತ್ತೇನೆ ಎಂದುಬಿಟ್ಟ. ಅಷ್ಟೇ ಅಲ್ಲ, ಆ ಟೇಪಿನಲ್ಲಿ ತನ್ನ ದನಿ ಚೆನ್ನಾಗಿತ್ತು. ಇಪ್ಪತ್ತರ ವಯಸ್ಸಿನ ಆ "ಯಾರನ್ನ?" ದೊಡ್ಡ ಹಾಲಿನ ಸ್ಪೀಕರುಗಳಲ್ಲಿ ಹೇಗೆ ಕೇಳಿಸೀತು ಎಂಬ ಹಂಬಲ ಎಲ್ಲೋ ಒಳಗಿತ್ತು. ಅದನ್ನು ನೆನೆದು ಈಗ ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು.

"ಇದನ್ನ ಕೇಳಿ ನನ್ನ ಮೈ ಜುಮ್ಮೆಂತು," ಎನ್ನುತ್ತಿದ್ದಳು ಅವಳು. "ಏಟು ತಿನ್ನೋನು ಹೊಡೆಯೋರ ಗುಂಪಲ್ಲಿ ತನ್ನ ಅಕ್ಕನ ಮಗನ್ನ ನೋಡ್ತಾನೆ. ಕರೀತಾನೆ. ಎಷ್ಟು ತಿಣುಕಿದ್ರೂ ಇಂಥದ್ದು ಬರೆಯೋಕೆ ಆಗ್ತಿರಲಿಲ್ಲ ನನಗೆ. ಮಿಕ್ಕ ಸದ್ದೆಲ್ಲ ಇಳಿಸಿ, ಇದೊಂದನ್ನೇ ಎತ್ತೋಣ." ಅವಳು ಇಂಥ ಚಿತ್ರಗಳನ್ನು ತುಂಬ ನೋಡಿದವಳು, ಅವನಿಗೂ ನೋಡಲು ಕೊಟ್ಟಿದ್ದಳು. ಬೇರೆ ಬೇರೆ ದೇಶದವು, ಆದರೂ ಎಲ್ಲದರಲ್ಲೂ ಅದೇ ತರುಣ: ಅಪ್ಪ ಇಲ್ಲದವನು ಅಥವಾ ಅಪ್ಪನಿಂದ ಏಟು ತಿಂದವನು, ಒಂಟಿ, ಗ್ಯಾಲರಿಯಲ್ಲಿ ಯಾರೋ ಹೆಗಲ ಮೇಲೆ ಕೈ ಹಾಕುತ್ತಾರೆ, ಅವನಿಗೊಂದು ಮನೆ ಸಿಕ್ಕಂತಾಗುತ್ತದೆ. ಒಳ್ಳೆಯ ಬೂಟು, ಒಳ್ಳೆಯ ಹಾಡು. ಅವನಿಗೆ ಆ ಚಿತ್ರಗಳನ್ನು ನೋಡುತ್ತ ಕಣ್ಣಲ್ಲಿ ನೀರು ಬಂದಿತ್ತು, ತನ್ನ ಕಥೆಯನ್ನು ಯಾರೋ ಬಲ್ಲವರು ಹೇಳುತ್ತಿದ್ದಾರೆ ಅನ್ನಿಸಿತ್ತು. ಆಮೇಲೆ ಹಾಸಿಗೆಯಲ್ಲಿ ಹೊರಳುತ್ತ, ಕಸುಬಿನ ಅಭ್ಯಾಸದಿಂದ, ಲೆಕ್ಕ ಹಾಕಿದ: ಹೊಡೆದವನ ಬಾಲ್ಯ ಇಪ್ಪತ್ತು ನಿಮಿಷ, ಏಟು ತಿಂದವನು ಒಂದೂವರೆ ನಿಮಿಷ. ಆ ಒಂದೂವರೆ ನಿಮಿಷದಲ್ಲೂ ಅವನ ಮುಖ ನೆಲಕ್ಕಿರುತ್ತದೆ.

"ಇದರ ಮುಂದೆ ಏನಿದೆ?" ನಿರ್ದೇಶಕಿ ಕೇಳಿದಳು. "ಇಲ್ಲಿಗೆ ಕತ್ತರಿಸಿದೀರಿ. ಟೇಪಲ್ಲಿ ಇನ್ನೂ ಇರ್ಬೇಕಲ್ಲ? ಆ ಅಳಿಯ ಏನಂದ?"

"ಏನೂ ಇಲ್ಲ ಮೇಡಂ. ಬರೀ ಗದ್ದಲ."

"ಇರ್ಲಿ, ಊಟ ಆದ್ಮೇಲೆ ಪೂರ್ತಿ ಕೇಳೋಣ. ಮೂರು ಗಂಟೆಗೆ ಕೆಲಸ ಮಾಡಿದೋರಿಗೆಲ್ಲ ತೋರಿಸೋ ಶೋಗೆ ಮುಂಚೆ."

ಮಿಕ್ಸಿಂಗಿನವನು ಹೊಳೆಯಾಚೆಯವನು, ಸ್ಟುಡಿಯೋದಲ್ಲಿ ಎಲ್ಲರೂ ಅವನನ್ನು "ಆಚೆ" ಎಂದೇ ಕರೆಯುತ್ತಿದ್ದರು. ಏನೋ ಆಚೆ, ಬಾರೋ ಆಚೆ ಎಂದರೆ ಅವನೂ ನಗುತ್ತಲೇ ಬರುತ್ತಿದ್ದ. ಗುಂಪಣ್ಣನೂ ಹಾಗೇ ಕರೆಯುತ್ತಿದ್ದ, ಉಳಿದವರಿಗಿಂತ ಸ್ವಲ್ಪ ಗಟ್ಟಿಯಾಗಿಯೇ. ನಿರ್ದೇಶಕಿ ಫೋನು ಬಂದು ಹೊರಗೆ ಹೋದಾಗ ಮಿಕ್ಸಿಂಗಿನವನು ಕುರ್ಚಿಯನ್ನು ನಿಧಾನವಾಗಿ ತಿರುಗಿಸಿದ. "ಕೂಗಿದೋನು ನಮ್ಮೋನು. ಆ ಎಳೆತ ನಮ್ಮದೇ, ಅದನ್ನ ಕಲಿಯೋಕಾಗಲ್ಲ."

"ಇರಬಹುದು."

"ಅವನು ನಮ್ಮೋನಾದ್ರೆ ಅವನ ಅಕ್ಕನೂ ನಮ್ಮೋಳೇ. ಅಲ್ವಾ ಗುಂಪಣ್ಣ?" ಎಂದು ಅವನ ಮುಖವನ್ನೇ ನೋಡಿದ. "ಪಾಪ, ಆ ಅಳಿಯ ಎಲ್ಲಿದಾನೋ ಏನೋ ಈಗ." ಹಾಗೆಂದವನು ಎದ್ದು, ಬುತ್ತಿ ತೆಗೆದುಕೊಂಡು ಹೋದ. ಆ ಮಾತಿನಲ್ಲಿ ಏನಾದರೂ ಇಂಗಿತವಿತ್ತೋ, ಬರೀ ಮಾತೋ, ಗುಂಪಣ್ಣನಿಗೆ ತಿಳಿಯಲಿಲ್ಲ. ತಿಳಿಯದೇ ಇದ್ದದ್ದಕ್ಕೇ ಹೆಚ್ಚು ಭಯವಾಯಿತು.

ಜೇಬಿನಲ್ಲಿ ಫೋನು ನಡುಗಿತು. ಹೆಂಡತಿ. "ರೀ, ಮೂರು ಗಂಟೆಗೇ ಅಲ್ವಾ ಶೋ? ಮನೆಯವರು ಇಬ್ಬರು ಬರಬಹುದು ಅಂದಿದ್ರಲ್ಲ, ಮಾವನ್ನೂ ಕರ್ಕೊಂಡು ಬರ್ತಿದೀನಿ. ಅಂಗಡಿ ಮುಚ್ಚಿ ಸ್ನಾನ ಮಾಡಿ ರೆಡಿಯಾಗಿ ಕೂತಿದಾರೆ ಪಾಪ. ನೀವು ಮಾಡಿದ್ದು ಒಂದೂ ನೋಡಿಲ್ವಂತೆ." ಬೇಡ ಎನ್ನಲು ಕಾರಣ ಹುಡುಕಿದ. ಜಾಗವಿಲ್ಲ, ಶೋ ಮುಂದಕ್ಕೆ ಹೋಗಿದೆ, ಮಾವನಿಗೆ ಒಂದು ಕಿವಿ ಕೇಳಿಸುವುದಿಲ್ಲ. ಕೊನೆಗೆ "ಹೂಂ," ಎಂದ.

ಮಾವ ದರ್ಜಿ, ಅಮ್ಮನ ತಮ್ಮ, ಅವನಿಗಿಂತ ಆರೇ ವರ್ಷ ದೊಡ್ಡವನು. ಹಸಿರು ಅಂಗಿಯನ್ನು ಹೊಲಿದುಕೊಟ್ಟವನೂ ಅವನೇ. ಎದೆಯ ಒಳಗಡೆ ಒಂದು ಜೇಬು ಬೇಕು ಎಂದಾಗ ಯಾಕೋ ಎಂದು ಕೇಳಿದ್ದ. ಆಗ ರೇಡಿಯೋ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ ಗುಂಪಣ್ಣ ಅಲ್ಲಿಂದ ಹೆಗಲಿಗೆ ತೂಗಿಕೊಳ್ಳುವ ಟೇಪ್ ರೆಕಾರ್ಡರನ್ನು ಎರಡು ದಿನಕ್ಕೆಂದು ಕೇಳಿ ತಂದಿದ್ದ. ಗ್ಯಾಲರಿಯ ಕೂಗನ್ನು ಹಿಡಿದು ಹಸಿರು ಅಂಗಿಯವರಿಗೆ ಕೇಳಿಸುವ ಉಮೇದು. ಮೈಕ್ ಇಡೋಕೆ ಮಾವ, ಎಂದ. ಮಾವ ಅಳತೆ ನೋಡಿ, ವೈರು ಎಳೆಯಲು ಸಣ್ಣ ತೂತನ್ನೂ ಬಿಟ್ಟು, ಆ ತೂತಿನ ಸುತ್ತ ನೂಲು ಬಿಚ್ಚದಂತೆ ಕೈಯಲ್ಲೇ ಹೊಲಿಗೆ ಹಾಕಿಕೊಟ್ಟಿದ್ದ. ಆ ಆಟಕ್ಕೆ ಮಾವನೂ ಬರುತ್ತಾನೆಂದು ಅವನಿಗೆ ಗೊತ್ತಿರಲಿಲ್ಲ. ಹೊಳೆಯಾಚೆಯವರದೇ ತಂಡವೊಂದು ಮೊದಲ ಸಲ ಈ ಮೈದಾನದಲ್ಲಿ ಆಡುತ್ತಿತ್ತು, ಅಂಗಡಿಗೆ ಅರ್ಧ ದಿನ ರಜೆ ಹಾಕಿ ಬಂದಿದ್ದ. ಅವರೇ ಗೆದ್ದರು. ಗೆದ್ದದ್ದೇ ತಪ್ಪಾಯಿತು. ಗೇಟಿನ ಹತ್ತಿರ ಶುರುವಾದ ಹೊಡೆದಾಟ ಟಿಕೆಟ್ ಕಿಂಡಿಯವರೆಗೂ ಹೋಯಿತು, ಕಿಂಡಿಯ ಕೆಳಗೆ ನೆಲದ ಮೇಲೆ ಬಿದ್ದ ಮಾವ ತಲೆ ಎತ್ತಿ ಕರೆದ. ಹಸಿರು ಅಂಗಿಯವರ ಹಿರಿಯ, ಯಾವತ್ತೂ ಇವನ ಹೆಗಲ ಮೇಲೆ ಕೈ ಹಾಕಿಕೊಂಡೇ ಇರುತ್ತಿದ್ದವನು, ಹಿಂತಿರುಗಿ ಎಲ್ಲರ ಮುಖವನ್ನೂ ಒಂದು ಸುತ್ತು ನೋಡಿದ. "ಯಾರ್ರೋ ನಿಮ್ಮಲ್ಲಿ ಇವನ ಅಳಿಯ?" ಎಲ್ಲರೂ ನಕ್ಕರು. ಅವನೂ ನಕ್ಕ. ಮುನ್ನೂರ ಹದಿನಾಲ್ಕರ ನಂತರ ಟೇಪಿನಲ್ಲಿ ಮಾವನ ಎರಡು ಕೂಗು ಇವೆ, ಅದಾದ ಮೇಲೆ ಆ ನಗು ಇದೆ. ಮೈಕ್ ಎದೆಯ ಮೇಲೇ ಇದ್ದದ್ದರಿಂದ ಉಳಿದ ಎಲ್ಲರಿಗಿಂತ ಅವನ ನಗುವೇ ಗಟ್ಟಿ. ಮೂರನೆಯ ಕೂಗು ಇಲ್ಲ. ಅಷ್ಟರಲ್ಲಿ ಮಾವನ ಎಡಗಿವಿಗೆ ಏಟು ಬಿದ್ದಿರಬೇಕೆಂದು ಅವನು ಇಷ್ಟು ವರ್ಷ ತಿಳಿದಿದ್ದ.

ಮಾವ ಯಾವತ್ತೂ ಆ ಮಾತೆತ್ತಲಿಲ್ಲ. ಕಿವಿಗೆ ಏನಾಯಿತೆಂದು ಅಮ್ಮ ಕೇಳಿದಾಗ ನೂಕುನುಗ್ಗಲಲ್ಲಿ ಬಿದ್ದೆ ಎಂದ. ಭಾನುವಾರಗಳಂದು ಬರುತ್ತಾನೆ, ಒಳ್ಳೆಯ ಕಿವಿ ಮಾತಾಡುವವರ ಕಡೆಗಿರುವಂತೆ ಕುರ್ಚಿ ಎಳೆದುಕೊಂಡು ಕೂರುತ್ತಾನೆ, ಅಮ್ಮ ಸತ್ತ ಮೇಲೂ ತಪ್ಪಿಸಲಿಲ್ಲ. ಆದರೆ ಆವತ್ತಿನಿಂದ ಅವನನ್ನು ಅಳಿಯಾ ಎಂದು ಕರೆದದ್ದಿಲ್ಲ. ಏನಪ್ಪ, ಬಾರಪ್ಪ, ಊಟ ಆಯ್ತೇನಪ್ಪ. ಆ ‘ಅಪ್ಪ’ ಎಂಬ ಕರೆಯಲ್ಲಿ ಏನಿದೆಯೆಂದು ಮೂವತ್ತೊಂದು ವರ್ಷ ಕಿವಿಗೊಟ್ಟು ಕೇಳಿದ್ದಾನೆ, ಸಿಟ್ಟಿದೆಯೇ, ತಾತ್ಸಾರವೇ, ಅಥವಾ ಏನೂ ಗೊತ್ತಿಲ್ಲವೇ. ಎಂಥೆಂಥ ಸದ್ದನ್ನು ಬಿಡಿಸಿ ಹೇಳಬಲ್ಲವನಿಗೆ ಅದೊಂದು ಬಿಡಿಸಲಾಗಲಿಲ್ಲ.

ಎಲ್ಲರೂ ಊಟಕ್ಕೆ ಹೋದ ಮೇಲೆ ಅವನು ಮೇಜಿನ ಮುಂದೆ ಕೂತು ಕಂಪ್ಯೂಟರಿನಿಂದ ಆ ಹನ್ನೆರಡು ಸೆಕೆಂಡುಗಳನ್ನು ತೆಗೆದ. ಜಾಗ ಖಾಲಿ ಕಾಣದಂತೆ ಹಿಂದಿನ ಗದ್ದಲದ ತುಂಡನ್ನೇ ಎಳೆದು ಮುಚ್ಚಿದ. ಬೆಸುಗೆ ಯಾರಿಗೂ ತಿಳಿಯದಷ್ಟು ಚೆನ್ನಾಗಿ ಬಂತು, ಅಂಥ ಹೊತ್ತಿನಲ್ಲೂ ಅದು ಚೆನ್ನಾಗಿ ಬಂತೆಂದು ಗಮನಿಸಿದ. ಉಳಿದದ್ದು ಟೇಪು. ಉಗ್ರಾಣದಲ್ಲಿ, ಮುರಿದ ಕುರ್ಚಿಗಳ ಹಿಂದೆ, ಟೇಪು ಅಳಿಸುವ ಹಳೆಯ ಯಂತ್ರವಿತ್ತು, ಇಸ್ತ್ರಿ ಪೆಟ್ಟಿಗೆಯಷ್ಟು ದಪ್ಪದ ಕಬ್ಬಿಣದ ಮಂಡೆ. ಪ್ಲಗ್ಗು ಚುಚ್ಚಿದರೆ ಗುಂಯ್ ಎನ್ನುತ್ತದೆ. ಟೇಪನ್ನು ಅದರ ಮೇಲೆ ಮೂರು ಸುತ್ತು ತಿರುಗಿಸಿ ಮೆಲ್ಲಗೆ ದೂರ ಎಳೆದರೆ ಮುಗಿಯಿತು. ಮಗುಚಿ ಮತ್ತೆ ಮೂರು ಸುತ್ತು. ಅವನು ಹಾಗೇ ಮಾಡಿದ. ಕೈಗೆ ಸಣ್ಣ ನಡುಕ ತಾಗಿತು, ಅದು ಯಂತ್ರದ್ದು. ಟೇಪು ಮುಂಚಿನಷ್ಟೇ ಕಂದುಬಣ್ಣವಾಗಿ, ಮುಂಚಿನಷ್ಟೇ ತೂಕವಾಗಿ ಡಬ್ಬಿಯೊಳಗೆ ಕೂತಿತು. ಹಗುರಾಗುತ್ತೇನೆ ಎಂದುಕೊಂಡಿದ್ದ. ಆಗಲಿಲ್ಲ. ಪ್ಲಗ್ಗು ಕಿತ್ತು, ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡ.

ನಿರ್ದೇಶಕಿ ಕೂಗಾಡಲಿಲ್ಲ, ಅದೇ ಕಷ್ಟವಾಯಿತು. ಶುಚಿ ಮಾಡಲು ಹೋಗಿ ಹಾಳಾಯಿತು ಮೇಡಂ, ಹಳೇ ಟೇಪು, ಪುಡಿ ಉದುರಿಹೋಯಿತು ಎಂದು ಅವನು ಹೇಳುತ್ತಿದ್ದರೆ ಅವಳು ಅವನನ್ನು ಮೊದಲ ಸಲ ನೋಡುತ್ತಿರುವಂತೆ ನೋಡಿದಳು. "ಮೂವತ್ತು ವರ್ಷ ಈ ಕೆಲಸ ಮಾಡಿದೀರಿ ನೀವು," ಎಂದಷ್ಟೇ ಅಂದು ಹೊರಟುಹೋದಳು. ಅವನ ಕಿವಿ ಬಿಸಿಯಾಯಿತು. ಮಿಕ್ಸಿಂಗಿನವನು ಸದ್ದಿನ ಗೆರೆಗಳನ್ನು ನೋಡುತ್ತ, "ಹೋಯ್ತಾ?" ಎಂದ.

"ಹೋಯ್ತು."

"ಯಾವಾಗ್ಲೂ ಹೋಗೋದು ನಮ್ಮೋರ ದನೀನೇ," ಎಂದು ಅವನು ದೀಪ ಆರಿಸಿದ.

ಮೂರು ಗಂಟೆಗೆ ಹಾಲಿನಲ್ಲಿ ಮೂವತ್ತು ಜನರಿದ್ದರು. ಮಾವ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ, ಬಾಗಿಲಲ್ಲಿ ನಿಂತವರಿಗೆಲ್ಲ ತಲೆಬಾಗಿಸಿ ನಗುತ್ತಿದ್ದ. ಎಡಗಡೆಯ ಕೊನೆಯ ಕುರ್ಚಿ ಆರಿಸಿಕೊಂಡ. ಗುಂಪಣ್ಣ ಎರಡು ಸಾಲು ಹಿಂದೆ ಕೂತು ಚಿತ್ರ ನೋಡದೆ ಮಾವನ ಒಳ್ಳೆಯ ಕಿವಿಯನ್ನೇ ನೋಡಿದ. ಐವತ್ತನೆಯ ನಿಮಿಷಕ್ಕೆ ಗ್ಯಾಲರಿ ಬಂತು. "ಯಾರನ್ನ?" ಎಂದಿತು ಅವನ ದನಿ, ಎಂಟು ಸ್ಪೀಕರುಗಳಿಂದ, ಎಳೆಯದಾಗಿ, ಸಂತೋಷವಾಗಿ. ಮಾವನ ತಲೆ ಚೂರು ಓರೆಯಾಯಿತು. "ಎಲ್ಲಿಗೆ?" ಮಾವ ಮುಂದಿನ ಕುರ್ಚಿಯ ಬೆನ್ನನ್ನು ಹಿಡಿದುಕೊಂಡು ಮುಂದಕ್ಕೆ ಬಾಗಿದ. ಗೇಟು, ಓಟ, ಗದ್ದಲ. ಐವತ್ತೆರಡನೆಯ ನಿಮಿಷ ಬಂತು, ಹೋಯಿತು. ಗದ್ದಲದಲ್ಲಿ ಗದ್ದಲವಷ್ಟೇ ಇತ್ತು. ಮಾವ ಇನ್ನೂ ಸ್ವಲ್ಪ ಹೊತ್ತು ಹಾಗೇ ಬಾಗಿಕೊಂಡಿದ್ದು, ಆಮೇಲೆ ನಿಧಾನಕ್ಕೆ ಹಿಂದೆ ಒರಗಿದ.

ಶೋ ಮುಗಿದ ಮೇಲೆ ಹೆಂಡತಿ ಯಾರೊಂದಿಗೋ ಮಾತಿಗೆ ನಿಂತಳು. ಕಾರಿಡಾರಿನಲ್ಲಿ ಅವರಿಬ್ಬರೇ ಆದರು.

"ಚೆನ್ನಾಗಿದೆಯಪ್ಪ ಸಿನಿಮಾ," ಎಂದ ಮಾವ. ಕನ್ನಡಕ ಒರೆಸಿಕೊಂಡ. "ಆ ಯಾರನ್ನ ಯಾರನ್ನ ಅನ್ನೋದು ನಿಂದೇ ಅಲ್ವಾ."

ಅಲ್ಲ ಎನ್ನಬಹುದಿತ್ತು. "ಹೂಂ, ಮಾವ."

"ಗೊತ್ತಾಯ್ತು. ಒಂದೇ ಕಿವಿ ಆದ್ರೂ ಮನೆಯೋರ ದನಿ ತಿಳಿಯಲ್ವೇ. ಅದಾದ್ಮೇಲೆ ನಂದು ಬರುತ್ತೆ ಅಂತ ಕಾಯ್ತಾ ಕೂತೆ ನೋಡು. ಅವತ್ತು ನಿನ್ನ ಹೆಗಲ ಮೇಲೆ ಆ ರೆಕಾರ್ಡರ್ ಡಬ್ಬ ಇತ್ತಲ್ಲ. ಬರ್ಲೇ ಇಲ್ಲ."

ಮಾವ ಅಷ್ಟೇ ಸರಾಗವಾಗಿ, ಅಂಗಿಯ ಅಳತೆ ಹೇಳುವಂತೆ, ಹೇಳುತ್ತಿದ್ದ. "ಬಿದ್ದೆನಲ್ಲ, ತಲೆ ಎತ್ತಿದ್ರೆ ನೀನು. ಎದೆ ಝಲ್ಲೆಂತು. ನೀನು ಯಾರ ಮಗ ಅಂತ ಗೊತ್ತಾದ್ರೆ ಇವ್ರು ನಿನ್ನನ್ನೂ ಬಿಡಲ್ಲ, ಓಡೋ ಅನ್ನೋಕೆ ಕೂಗಿದೆ. ಎರಡು ಸಲ. ಎಂಥಾ ಪೆದ್ದ ನಾನು, ಕೂಗಿದ್ರೇ ತಾನೇ ಗೊತ್ತಾಗೋದು? ಆ ದಡಿಯ ತಿರುಗಿ ಒಬ್ಬೊಬ್ಬರ ಮುಖಾನೂ ನೋಡಿದ್ನಲ್ಲ, ಆಗ ಹೊಳೀತು. ತಕ್ಷಣ ಬಾಯಿ ಮುಚ್ಕೊಂಡೆ. ನೀನೂ ನಕ್ಕೆ, ಸದ್ಯ ಹುಡುಗ ಬದುಕ್ದ ಅಂದ್ಕೊಂಡೆ. ಏಟು ಬಿದ್ದದ್ದು ಆಮೇಲೆ." ಕನ್ನಡಕ ಹಾಕಿಕೊಂಡ. "ಎಲ್ಲಾದ್ರೂ ಬಾಯಿ ತಪ್ಪಿ ಅಂದ್ಬಿಟ್ಟೇನು ಅಂತ, ಅಲ್ಲಿಂದ ಹಾಗೆ ಕರೆಯೋದೇ ಬಿಟ್ಟೆ. ಆಮೇಲೆ ಅದೇ ರೂಢಿಯಾಯ್ತು."

ಹಾಲಿನೊಳಗೆ ಯಾರೋ ಕುರ್ಚಿಗಳನ್ನು ಮಡಚುತ್ತಿದ್ದರು. ಅವನ ಚೀಲದಲ್ಲಿ ಅಳಿಸಿದ ಟೇಪಿನ ಡಬ್ಬಿ ಇತ್ತು, ಡಬ್ಬಿಯ ಮೇಲೆ ಬರೆದದ್ದೂ ಹಾಗೇ ಇತ್ತು. ಮಾವ ಅವನ ಚೀಲವನ್ನು ನೋಡಿದ, ಅವನ ಮುಖವನ್ನು ನೋಡಿದ, ಏನನ್ನೋ ಕೇಳಲು ನಾಚಿಕೊಂಡವನಂತೆ ನಕ್ಕ.

"ಆ ಟೇಪು ಇನ್ನೂ ಇಟ್ಟಿದೀಯಾ? ಎರಡೂ ಕಿವಿ ಇದ್ದಾಗ ನನ್ನ ದನಿ ಹೇಗಿತ್ತು ಅನ್ನೋದೇ ಮರೆತೋಗಿದೆ. ಸಿನಿಮಾಕ್ಕೆ ಬೇಡ ಬಿಡು, ಅದೆಲ್ಲ ಯಾಕೆ. ನನಗೊಂದ್ಸಲ ಹಾಕು, ಕೇಳೋಣ, ಅಳಿಯಾ."

ಅವನು ಬಾಯಿ ತೆರೆದ. ಮಾವ ಬಲಗಿವಿಯನ್ನು ಅವನ ಕಡೆಗೆ ತಿರುಗಿಸಿ, ಕಣ್ಣು ಮುಚ್ಚಿಕೊಂಡು, ಕಾಯುತ್ತ ನಿಂತ.